ಸರ್ ಸಿ. ವಿ. ರಾಮನ್ನರೂ ಚರ್ಮರೋಗದ ಪರೀಕ್ಷೆಯೂ

ಮದರಾಸಿನ ತ್ರಿಪ್ಲಿಕೇನಿನ ಅಂಚಿನಲ್ಲಿ ಕಡಲಿಗೆ ಮುಖಮಾಡಿ ನಿಂತಿರುವ ಪ್ರೆಸಿಡೆನ್ಸಿ ಕಾಲೇಜನ್ನು 1903ರಲ್ಲಿ ಹದಿನಾಲ್ಕು ವರ್ಷದ ಕೃಶದೇಹದ ಹುಡುಗನೊಬ್ಬನು ಸೇರಿದನು. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಚಂದ್ರಶೇಖರ ವೆಂಕಟರಾಮನ್ ಎಂಬವನೇ ಅವನು.

ವರ್ಣದರ್ಶಕದಿಂದ ಗಾಜಿನ ಪಟ್ಟಕದ ಕೋನವನ್ನು ಅಳೆಯುವುದು ಅಲ್ಲಿಯ ವಿದ್ಯಾರ್ಥಿಗಳಿಗೆಲ್ಲ ಇದ್ದ ಸಾಮಾನ್ಯ ಪಾಠ. ರಾಮನ್ನರು ಅಳತೆಯನ್ನು ಬರೆದಿಟ್ಟು ಸುಮ್ಮನಾಗಲಿಲ್ಲ. ಪಟ್ಟಕದ ಮುಖದಿಂದ ಓರೆಯಾಗಿ ಹಿಂದಿರುಗುವ ಬೆಳಕಿನ ಪಟ್ಟೆಗಳು ಎರಡು ಪಕ್ಕಗಳಲ್ಲಿಯೂ ಸಮನಾಗಿಲ್ಲವೆಂಬುದು ಅವರ ಕಣ್ಣಿಗೆ ಬಿದ್ದಿತು. ಅದನ್ನು ಕುರಿತ ಅವರ ಲೇಖನವು 1906ರ ನವೆಂಬರಿನಲ್ಲಿ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲರೂ ನೋಡಿದ ಪಟ್ಟಕವೇ ಅದು!

1907ರಲ್ಲಿ ಎಂ.ಎ. ಮುಗಿಸಿ, ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಛೇರಿಯ ವೇಳೆಯ ಹೊರಗೆ ಅಲ್ಲಿಯ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ಸಿದ್ಧಿ ಒದಗಿತು. ವಸ್ತುವಿಗೆ ತಗುಲಿ ಚದರುವ ಬೆಳಕಿನಲ್ಲಿ ಕೋಟಿಗೊಂದರಷ್ಟು ಅಂಶವು ಆ ವಸ್ತುವಿನ ಅಣುಗಳ ಕಂಪನಕ್ಕೆ ತಕ್ಕಂತೆ ಬಣ್ಣವನ್ನು ಬದಲಿಸುತ್ತದೆ. ಅಣುವಿನ ಮುದ್ರೆಯೇ ಬೆಳಕಿನ ಮೇಲೆ ಬಿದ್ದಂತೆ. ಈ ಶೋಧದಲ್ಲಿ ಜೊತೆಗಿದ್ದು ದುಡಿದ ಕೆ. ಎಸ್. ಕೃಷ್ಣನ್ನರನ್ನು ಇಲ್ಲಿ ನೆನೆಯದಿರುವುದು ನ್ಯಾಯವಲ್ಲ. 1930ರ ನೊಬೆಲ್ ಪಾರಿತೋಷಕವು ರಾಮನ್ನರೊಬ್ಬರಿಗೇ ಸಂದಿತು.

ಚರ್ಮದ ಮೇಲಿನ ಕರಿಯ ಮಚ್ಚೆ ನಿರಪಾಯವೋ ಕ್ಯಾನ್ಸರೋ ಎಂಬುದನ್ನು ಬರಿಗಣ್ಣು ಎಷ್ಟೋ ವೇಳೆ ಹೇಳಲಾರದು. ಚೂರು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗ ಹಿಡಿದ ಜೀವಕೋಶಗಳಲ್ಲಿ ಸಸಾರಜನಕ, ಕೊಬ್ಬು ಮೊದಲಾದವುಗಳ ಪ್ರಮಾಣ ಬದಲಾಗಿರುವುದರಿಂದ ಅಲ್ಲಿಂದ ಚದರುವ ಬೆಳಕಿನ ಮುದ್ರೆಯೂ ಬೇರೆ. 1960ರಲ್ಲಿ ಲೇಸರ್ ಬಂದ ಮೇಲೆ ಆ ಕ್ಷೀಣ ಬೆಳಕನ್ನು ಹಿಡಿಯುವುದು ಸುಲಭವಾಯಿತು. ಆದರೆ ಚರ್ಮವು ತಾನೂ ಮಿನುಗಿ ಅದನ್ನು ಮುಚ್ಚಿಬಿಡುತ್ತದೆ. ಆದುದರಿಂದ ಮಿನುಗನ್ನು ಕಡಮೆಮಾಡುವ, ಕೆಂಪಿನಾಚೆಯ ಬೆಳಕನ್ನು ಬಳಸುತ್ತಾರೆ. ಕೆನಡಾದ ವ್ಯಾಂಕೂವರಿನ ವೈದ್ಯರು ಹೀಗೆ 518 ಮಚ್ಚೆ-ಗಡ್ಡೆಗಳನ್ನು ಪರೀಕ್ಷಿಸಿ 2012ರಲ್ಲಿ ಫಲವನ್ನು ಪ್ರಕಟಿಸಿದರು. ಒಂದೊಂದಕ್ಕೂ ಸುಮಾರು ಒಂದು ಸೆಕೆಂಡು ಸಾಕಾಗಿತ್ತು. ಕ್ಯಾನ್ಸರೊಂದೂ ತಪ್ಪಬಾರದೆಂದು ಬಿಗಿಮಾಡಿದರೆ ನಿರಪಾಯದ ಮಚ್ಚೆಗಳೂ ಅನೇಕ ಸಂಶಯಕ್ಕೆ ಸಿಲುಕುತ್ತವೆ. ಕತ್ತಿಗೆ ಇನ್ನೂ ವಿಶ್ರಾಂತಿಯಿಲ್ಲ.

ರಾಮನ್ನರು 1933ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ನಿರ್ದೇಶಕರಾಗಿ ಬಂದು ನಮ್ಮವರೇ ಆದರು. 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. ಹೂಗಳ ಬಣ್ಣ, ವಜ್ರದ ಹೊಳಪು, ಕಣ್ಣಿನ ನೋಟ ಇವೇ ಅವರ ಮುಪ್ಪಿನ ವ್ಯಾಸಂಗಗಳು. 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸಂಶೋಧನಾಲಯದ ತೋಟದಲ್ಲಿಯೇ ದಹನ ನಡೆಯಿತು. ಆ ಸ್ಥಳದಲ್ಲಿ ಕಲ್ಲಿನ ಸಮಾಧಿಯಿಲ್ಲ, ಒಂದು ಮರವಿದೆ.