ಸೀಸದ ಸುರುಳಿಯ ಗಾಸ್ತೊನ್ ಪ್ಲಾಂಟೆ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಾವು ಐದು ಜನ ಹಳೇ ಜೀಪೊಂದನ್ನು ಹತ್ತಿ ಶರಾವತಿ ಹಿನ್ನೀರಿನ ಕಡೆ ಟೆಂಟ್ ಹಾಕೋಕೆ ಹೋಗಿದ್ದೆವು. ಸುತ್ತ ಎಲ್ಲೂ ಕರೆಂಟಿಲ್ಲ. ಇಂಜಿನ್ ಬ್ಯಾಟರಿ ಖಾಲಿಯಾದರೆ ಜೀಪು ಸ್ಟಾರ್ಟೇ ಆಗಲ್ಲ. ಅದಕ್ಕೇ ಹಿಂದೆ 12 ವೋಲ್ಟಿನ ಇನ್ನೊಂದು ಬ್ಯಾಟರಿ ಇಟ್ಟು, ಮೇಲೆ 100 ವಾಟಿನ ಸೋಲಾರ್ ಪ್ಯಾನೆಲ್ ಕಟ್ಟಿ, ನಡುವೆ ಚಾರ್ಜ್ ಕಂಟ್ರೋಲರ್ ಹಾಕಿದ್ದೆವು. ಹಗಲೆಲ್ಲ ಒಳ್ಳೆ ಬಿಸಿಲು. ಮಧ್ಯಾಹ್ನದ ಹೊತ್ತಿಗೇ ಕಂಟ್ರೋಲರ್ 14.4 ವೋಲ್ಟ್ ತೋರಿಸಿದ್ದು ನೋಡಿ ಫುಲ್ ಆಯ್ತು ಅಂತ ಬೀಗಿದೆವು. ರಾತ್ರಿ ಎರಡು ದೀಪ, ಒಂದು ಸಣ್ಣ ಫ್ಯಾನ್ ಹಾಕಿದ ಅರ್ಧ ಗಂಟೆಗೆ ಎಲ್ಲಾ ಕತ್ತಲು.

ಎಲ್ಲರೂ ಬೈದಿದ್ದು ಪ್ಯಾನೆಲ್ಲನ್ನು. ತಪ್ಪು ನಮ್ಮದೇ ಇತ್ತು. ಹಿಂದಿನ ಟ್ರಿಪ್ಪಿನಲ್ಲಿ ಖಾಲಿ ಮಾಡಿದ ಬ್ಯಾಟರಿಯನ್ನು ಎರಡು ತಿಂಗಳು ಹಾಗೇ ಮೂಲೆಗೆ ತಳ್ಳಿದ್ದೆವು. ಒಳಗಿನ ಸೀಸದ ತಗಡಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿತ್ತು. ಅಂಥ ಬ್ಯಾಟರಿಯಲ್ಲಿ ವೋಲ್ಟೇಜ್ ಬೇಗ ಏರುತ್ತೆ, ಚಾರ್ಜ್ ಮಾತ್ರ ಒಳಗೆ ಇಳಿಯಲ್ಲ. ವಾಪಸ್ ಬಂದು ಈ ಸೀಸದ ತಗಡಿನ ಜಾತಕ ಕೆದಕುತ್ತಾ ಹೋದಾಗ ಸಿಕ್ಕಿದವರು ಗಾಸ್ತೊನ್ ಪ್ಲಾಂಟೆ. ಅವರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಬದುಕು ಅಷ್ಟು ಚಿಕ್ಕದಲ್ಲ.

ಪ್ಲಾಂಟೆ ಹುಟ್ಟಿದ್ದು 1834ರ ಏಪ್ರಿಲ್ 22ರಂದು, ದಕ್ಷಿಣ ಫ್ರಾನ್ಸಿನ ಒರ್ತೆಜ್ ಎಂಬ ಊರಲ್ಲಿ. ತಮ್ಮ ಫ್ರಾನ್ಸಿಸ್ ಮುಂದೆ ಹೆಸರಾಂತ ಪಿಯಾನೊ ವಾದಕನಾದ. ಆ ಕಾಲದ ಸಂಗೀತಪ್ರಿಯರಿಗೆ ಪ್ಲಾಂಟೆ ಅಂದರೆ ಅವನೇ. ಅಣ್ಣ 1854ರಲ್ಲಿ, ಅಂದರೆ ನಮ್ಮದೇ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ಸಂಸ್ಥೆಯಲ್ಲಿ ಎಡ್ಮಂಡ್ ಬೆಕರೆಲ್ ಅವರ ಕೈಕೆಳಗೆ ಸಹಾಯಕನಾಗಿ ಸೇರಿಕೊಂಡರು. ಈ ಬೆಕರೆಲ್ ಯಾರು ಗೊತ್ತಾ? 1839ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ದ್ರಾವಣದಲ್ಲಿ ಅದ್ದಿದ ಲೋಹದ ತಗಡಿನ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂದು ಮೊದಲು ತೋರಿಸಿದವರು. ಸೋಲಾರ್ ಪ್ಯಾನೆಲ್ಲಿನ ಮೂಲ ಅಲ್ಲಿದೆ. ಅಂದರೆ ಜೀಪಿನ ಮೇಲಿದ್ದ ಪ್ಯಾನೆಲ್ಲಿನ ಅಜ್ಜ ಮತ್ತು ಒಳಗಿದ್ದ ಬ್ಯಾಟರಿಯ ಅಜ್ಜ ಗುರು-ಶಿಷ್ಯರು!

ಮರುವರ್ಷವೇ ಪ್ಲಾಂಟೆಗೆ ಮೊದಲ ಕೀರ್ತಿ ಬಂತು. ಬಂದಿದ್ದು ವಿದ್ಯುತ್ತಿನಿಂದಲ್ಲ, ಮೂಳೆಯಿಂದ. ಪ್ಯಾರಿಸ್ ಪಕ್ಕದ ಮ್ಯೂಡೊನ್‌ನಲ್ಲಿ ಅವರಿಗೆ ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆ ಸಿಕ್ಕಿತು. ಅದಕ್ಕೆ ಅವರದೇ ಹೆಸರಿನಿಂದ ಗಾಸ್ಟೋರ್ನಿಸ್ ಎಂದು ಹೆಸರಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಹಕ್ಕಿಯ ಹಿಂದೆಯೇ ಹೋಗಿಬಿಡುತ್ತಿದ್ದರೇನೋ.

ಇವರು ಮಾತ್ರ ಲ್ಯಾಬಿಗೇ ಮರಳಿದರು. ಆಸಿಡ್ಡಿನಲ್ಲಿ ಎರಡು ತಗಡು ಅದ್ದಿ ಕರೆಂಟ್ ಹಾಯಿಸಿ, ಆಮೇಲೆ ಮೂಲವನ್ನು ಕಿತ್ತುಹಾಕಿದರೆ ತಗಡುಗಳು ಸ್ವಲ್ಪ ಹೊತ್ತು ಉಲ್ಟಾ ಕರೆಂಟ್ ಕೊಡುತ್ತವೆ. ಇದು ಮೊದಲೇ ಗೊತ್ತಿದ್ದ ಸಂಗತಿ, ಹೆಚ್ಚಿನವರಿಗೆ ಅದೊಂದು ಕಾಟ. ಈ ಕಾಟವನ್ನೇ ಯಾಕೆ ಬಳಸಬಾರದು ಎಂಬ ಕಡೆ ಪ್ಲಾಂಟೆ ಹೊರಳಿದರು. ತಾಮ್ರ, ಬೆಳ್ಳಿ, ತವರ, ಕಬ್ಬಿಣ, ಚಿನ್ನ, ಪ್ಲಾಟಿನಂ ಒಂದೊಂದನ್ನೇ ಅದ್ದಿ ನೋಡಿದರು. ಗೆದ್ದಿದ್ದು ಸೀಸ. 1859ರಲ್ಲಿ ಎರಡು ಸೀಸದ ಹಾಳೆಗಳ ನಡುವೆ ಒರಟು ಬಟ್ಟೆ ಇಟ್ಟು, ಚಾಪೆಯಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್ ತುಂಬಿದ ಗಾಜಿನ ಜಾಡಿಗೆ ಇಳಿಸಿದರು. ಒಂದು ಸೆಲ್ಲಿಗೆ ಸುಮಾರು 2 ವೋಲ್ಟ್. ಇವತ್ತಿಗೂ ಅಷ್ಟೇ, ಆರು ಸೇರಿದರೆ ನಮ್ಮ 12 ವೋಲ್ಟಿನ ಬ್ಯಾಟರಿ. ಮರುವರ್ಷ ಒಂಬತ್ತು ಸೆಲ್ಲುಗಳ ಪೆಟ್ಟಿಗೆಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು.

ಆಮೇಲಿನ ಇಪ್ಪತ್ತು ವರ್ಷ ಆ ಪೆಟ್ಟಿಗೆಗೆ ಹೆಚ್ಚು ಗಿರಾಕಿಗಳಿರಲಿಲ್ಲ. ಕಾರಣ ಸರಳ: ಚಾರ್ಜ್ ಮಾಡೋದು ಯಾವುದರಿಂದ? ಒಳ್ಳೆಯ ಡೈನಮೊ ಇನ್ನೂ ಬಂದಿರಲಿಲ್ಲ. ಪ್ಲಾಂಟೆ ಬಳಸುತ್ತಿದ್ದದ್ದು ಎರಡು ಬುನ್ಸೆನ್ ಸೆಲ್ಲುಗಳನ್ನು. ಸತು ಕರಗಬೇಕು, ನೈಟ್ರಿಕ್ ಆಸಿಡ್ಡಿನಿಂದ ಉಸಿರು ಕಟ್ಟಿಸುವ ಕಂದು ಹೊಗೆ ಏಳಬೇಕು, ಆಗ ಒಂದಿಷ್ಟು ಚಾರ್ಜ್. ಸಾಲದ್ದಕ್ಕೆ ಹೊಸ ಸೀಸದ ಹಾಳೆ ಸೀದಾ ಕೆಲಸಕ್ಕೆ ಬರುತ್ತಿರಲಿಲ್ಲ. ಚಾರ್ಜ್ ಮಾಡಿ, ಖಾಲಿ ಮಾಡಿ, ದಿಕ್ಕು ತಿರುಗಿಸಿ ಮತ್ತೆ ಚಾರ್ಜ್ ಮಾಡಿ, ನಡುವೆ ವಿರಾಮ ಕೊಟ್ಟು, ಹೀಗೆ ತಿಂಗಳುಗಟ್ಟಲೆ ಪಳಗಿಸಿದ ಮೇಲೆ ಹಾಳೆಯ ಮೈ ಸ್ಪಂಜಿನಂತಾಗಿ ಚಾರ್ಜ್ ಹಿಡಿಯುತ್ತಿತ್ತು. ನಾವೋ, ಪಳಗಿದ ಬ್ಯಾಟರಿಯನ್ನು ಎರಡೇ ತಿಂಗಳಲ್ಲಿ ಕೆಡಿಸಿದ್ದೆವು.

ಅವರ ಕೆಲಸದಲ್ಲಿ ನಮಗೆ ತುಂಬಾ ಹಿಡಿಸಿದ್ದು ಒಂದು ಸ್ವಿಚ್. ಎರಡು ಬುನ್ಸೆನ್ ಸೆಲ್ಲು ಕೊಡೋದು 4 ವೋಲ್ಟಿಗೂ ಕಡಿಮೆ. ಇಪ್ಪತ್ತು ಸೀಸದ ಸೆಲ್ಲುಗಳನ್ನು ಸಮಾಂತರವಾಗಿ ಜೋಡಿಸಿ ಅಷ್ಟರಿಂದಲೇ ಚಾರ್ಜ್ ಮಾಡಿ, ಆಮೇಲೆ ಹಿಡಿಕೆ ತಿರುಗಿಸಿದರೆ ಅವೇ ಸೆಲ್ಲುಗಳು ಸರಣಿಗೆ ಬರುತ್ತಿದ್ದವು: 40 ವೋಲ್ಟ್! ಇದೇ ದಾರಿಯಲ್ಲಿ ಮುಂದೆ ಹೋಗಿ 800 ಸೆಲ್ಲುಗಳ ಬ್ಯಾಟರಿ ಕಟ್ಟಿದರು, ಅದರಿಂದ ಕಂಡೆನ್ಸರುಗಳನ್ನು ತುಂಬಿಸಿ ದೊಡ್ಡ ಕಿಡಿ ಹಾರಿಸಿದರು, ಮಿಂಚು ಹೇಗೆ ಹುಟ್ಟುತ್ತೆ ಅಂತ ಹುಡುಕಿದರು. ಎಲ್ಲವನ್ನೂ 1879ರಲ್ಲಿ ಪುಸ್ತಕವಾಗಿ ಬರೆದರು.

1881ರ ಹೊತ್ತಿಗೆ ಗಾಳಿ ತಿರುಗಿತು. ಡೈನಮೊ ಬಂದಿತ್ತು. ಕಮೀಯ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ತಗಡಿಗೆ ಮೆತ್ತಿ, ತಿಂಗಳುಗಳ ಪಳಗಿಸುವಿಕೆಯನ್ನು ತುಂಬಾ ಕಡಿಮೆ ಮಾಡಿದ. ಅದೇ ವರ್ಷ ಲಂಡನ್-ಬ್ರೈಟನ್ ರೈಲಿನ ಪುಲ್‌ಮನ್ ಬೋಗಿಯೊಂದರಲ್ಲಿ ಇಂಥ ಬ್ಯಾಟರಿಯಿಂದ ದೀಪ ಉರಿಯಿತು. ಗಾಡಿ ಎಳೆಯೋಕಲ್ಲ, ಒಳಗೆ ಕೂತವರಿಗೆ ಬೆಳಕು ಕೊಡೋಕೆ ಇಟ್ಟ ಬ್ಯಾಟರಿ ಅದು. ನಮ್ಮ ಜೀಪಿನ ಎರಡನೇ ಬ್ಯಾಟರಿಯ ಕೆಲಸವೂ ಅದೇ ತಾನೆ?

ಪ್ಲಾಂಟೆ 1889ರ ಮೇ 21ರಂದು ಮ್ಯೂಡೊನ್‌ನ ಬೆಲ್‌ವ್ಯೂನಲ್ಲಿ ತೀರಿಕೊಂಡರು, ವಯಸ್ಸು 55. ಹಕ್ಕಿಯ ಮೂಳೆ ಸಿಕ್ಕಿದ್ದೂ ಅದೇ ಊರಿನ ಆಸುಪಾಸಿನಲ್ಲಿ. ಗುರುವಿನ ಬೆಳಕು ಕೆಲಸಕ್ಕೆ ಬರುವ ಕರೆಂಟಾಗಲು 1954ರ ತನಕ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ತೋರಿಸಿದ ಸಿಲಿಕಾನ್ ಸೆಲ್ಲಿನ ದಕ್ಷತೆ ಸುಮಾರು 6 ಶೇಕಡಾ. ಶಿಷ್ಯ ಗುರುವಿನ ಹತ್ತಿರ ಕೆಲಸಕ್ಕೆ ಸೇರಿ ಆಗ ಸರಿಯಾಗಿ ನೂರು ವರ್ಷ.

ನಮ್ಮ ಹಳೇ ಬ್ಯಾಟರಿಯನ್ನು ಹದಿನೈದು ದಿನ ಕಡಿಮೆ ಕರೆಂಟಿನಲ್ಲಿ ಚಾರ್ಜ್ ಮಾಡಿ, ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿ ನೋಡಿದೆವು. ಏಳಲಿಲ್ಲ. ಕೊನೆಗೆ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದೆವು. ಅದೀಗ ಹಾಸ್ಟೆಲ್ ಟೆರೇಸಿನಲ್ಲಿದೆ, ಟ್ರಿಪ್ ಇರಲಿ ಬಿಡಲಿ, ಪ್ಯಾನೆಲ್ಲಿನ ವೈರ್ ಬಿಚ್ಚೋದಿಲ್ಲ.