ಗುಬ್ಬಿಯ ಕೊರಳಿನ ಹಳದಿ

ಮುಂಬಯಿಯಲ್ಲಿದ್ದು ಸಲೀಂ ಅಲಿ ಹೆಸರು ಕೇಳದವರು ಕಡಿಮೆ. ಬೈನಾಕ್ಯುಲರ್ ತೂಗುಹಾಕಿಕೊಂಡ ಸಣಕಲು ಮುದುಕ, ಹಕ್ಕಿ ಪಂಡಿತ ಅಂತ ಎಲ್ಲರಿಗೂ ಗೊತ್ತು. ಇಂಥವರಿಗೆ ಹುಟ್ಟಿನಿಂದಲೇ ಹದ್ದಿನ ಕಣ್ಣು ಇರುತ್ತೆ ಅಂತ ನಮ್ಮಲ್ಲೊಂದು ನಂಬಿಕೆ. ಅವರ ಜೀವನ ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಈ ಮನುಷ್ಯ ನೋಡುವುದನ್ನು ಮಗ್ಗಿಯ ಹಾಗೆ ಕಲಿತವರು.

ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲೇ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಸಾಕಿದ್ದು ಖೇತವಾಡಿಯ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಮಾವನಿಗೆ ಬೇಟೆಯ ಹುಚ್ಚು, ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಹೊಡೆದ ಗುಬ್ಬಿಗಳಲ್ಲಿ ಒಂದರ ಕೊರಳಲ್ಲಿ ಹಳದಿ ಮಚ್ಚೆ. ಇದೇನಪ್ಪಾ ಅಂದರೆ ಮಾವನಿಗೂ ಗೊತ್ತಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಇಂಗ್ಲಿಷರ ಹತ್ತಿರ ಕಳಿಸಿಕೊಟ್ಟರು.

ಮಿಲ್ಲರ್ಡ್ ಹೆಸರು ಹೇಳಿ ಸಾಗಹಾಕಬಹುದಿತ್ತು. ಆದರೆ ಅವರು ಡ್ರಾಯರುಗಳನ್ನು ಎಳೆದೆಳೆದು ತೋರಿಸಿದರು. ಒಳಗೆ ಒಣಗಿಸಿಟ್ಟ ಹಕ್ಕಿಗಳ ಸಾಲು ಸಾಲು. ಚರ್ಮ ಸುಲಿದು ತುಂಬುವುದನ್ನೂ, ಸಿಕ್ಕ ಜಾಗ, ತಾರೀಖು, ಗಂಡೋ ಹೆಣ್ಣೋ ಎಂದು ಚೀಟಿ ಕಟ್ಟುವುದನ್ನೂ ಹುಡುಗ ಅಲ್ಲೇ ಕಲಿತ. ನನ್ನ ಮಟ್ಟಿಗೆ ಆ ಚೀಟಿಯೇ ದೊಡ್ಡ ಗುರು. ಬರೆಯಬೇಕು ಅಂದಾಗ ತಾನೇ ಕಣ್ಣು ಸರಿಯಾಗಿ ನೋಡುವುದು!

1914ರಲ್ಲಿ ಬರ್ಮಾಕ್ಕೆ ಹೋದರು. ಅಲ್ಲಿ ಮನೆಯವರ ವ್ಯಾಪಾರ ಕೈಹತ್ತಲಿಲ್ಲ, ಹಕ್ಕಿ ಹತ್ತಿತು. ವಾಪಸು ಬಂದು ಫಾದರ್ ಬ್ಲಾಟರ್ ಒತ್ತಾಯದಿಂದ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ ಓದಿದರು, ಆದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲವೆಂದು ಸರಕಾರಿ ನೌಕರಿಯೂ ತಪ್ಪಿತು. 1926ರಲ್ಲಿ ಇಲ್ಲಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಗೈಡ್ ಕೆಲಸ ಸಿಕ್ಕಿತು. ಅಷ್ಟಕ್ಕೇ ಸುಮ್ಮನಾಗದೆ ಬರ್ಲಿನ್ನಿಗೆ ಹೋಗಿ ಸ್ಟ್ರೇಸೆಮನ್ ಅವರ ಶಿಷ್ಯರಾದರು. 1930ರಲ್ಲಿ ತಿರುಗಿ ಬಂದರೆ ಮ್ಯೂಸಿಯಮ್ಮಿನ ಹುದ್ದೆಯೇ ಇಲ್ಲ! ಖರ್ಚು ಉಳಿಸಲು ತೆಗೆದುಹಾಕಿದ್ದರು.

ಕೆಲಸವಿಲ್ಲದ ಆ ಮಳೆಗಾಲದಲ್ಲಿ ಹೆಂಡತಿ ತಹ್ಮೀನಾ ಜೊತೆ ಅಲಿಬಾಗದ ಹತ್ತಿರದ ಕಿಹೀಮಿಗೆ ಹೋದರು. ಅಲ್ಲೊಂದು ಮರದಲ್ಲಿ ಗೀಜಗನ ಗೂಡುಗಳು. ಗೀಜಗನ ಗೂಡನ್ನು ನಮ್ಮ ಅಜ್ಜ ಮುತ್ತಜ್ಜಂದಿರೂ ನೋಡಿದ್ದರು ಬಿಡಿ. ಅರ್ಧಕ್ಕೇ ನಿಂತ ಗೂಡು ಗಂಡುಹಕ್ಕಿ ಕೂತು ಜೀಕಲು ಮಾಡಿದ್ದು ಅಂತ ಹೇಳುವವರಿದ್ದರು. ಸಲೀಂ ಅಲಿ ದಿನಗಟ್ಟಲೆ ಮರೆಯಲ್ಲಿ ಕೂತು ಒಂದೊಂದು ಗೂಡಿನ ಲೆಕ್ಕ ಬರೆದರು. ಆಗ ಕಂಡದ್ದು ಇದು: ಗಂಡು ಗೂಡನ್ನು ಅರ್ಧ ಹೆಣೆಯುತ್ತದೆ, ಹೆಣ್ಣುಗಳು ಬಂದು ಪರೀಕ್ಷೆ ಮಾಡುತ್ತವೆ. ಒಪ್ಪಿದರೆ ಗಂಡು ಅದನ್ನು ಪೂರ್ತಿಮಾಡಿ, ಹೆಣ್ಣು ಮೊಟ್ಟೆಯಿಟ್ಟ ಮೇಲೆ ಪಕ್ಕದಲ್ಲೇ ಇನ್ನೊಂದು ಗೂಡಿಗೆ, ಇನ್ನೊಂದು ಸಂಸಾರಕ್ಕೆ ಹೊರಡುತ್ತದೆ! ಒಪ್ಪದೆ ಬಿಟ್ಟದ್ದು ಅರೆಗೂಡಾಗಿ ನೇತಾಡುತ್ತದೆ. ಈ ಲೇಖನ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ನೌಕರಿ ಇದ್ದಿದ್ದರೆ ಅಷ್ಟು ದಿನ ಒಂದು ಮರದ ಮುಂದೆ ಕೂರಲು ಯಾರು ಬಿಡುತ್ತಿದ್ದರು?

ಆಮೇಲೆ ಹೈದರಾಬಾದು, ತಿರುವಾಂಕೂರು ಅಂತ ಸಂಸ್ಥಾನಗಳ ಪಕ್ಷಿ ಸಮೀಕ್ಷೆ. 1939ರಲ್ಲಿ ತಹ್ಮೀನಾ ತೀರಿಕೊಂಡರು. ನಮ್ಮ ಮೈಸೂರಿನ ಹಕ್ಕಿಗಳನ್ನು ಹುಡುಕಿಕೊಂಡು ಅವರು ತಿರುಗಿದ್ದು ಆ ದುಃಖದ ಬೆನ್ನಿಗೇ, 1939-40ರಲ್ಲಿ. ಎಲ್ಲರಿಗೂ ಹಕ್ಕಿ ಗುರುತಿಸಲು ಕಲಿಸಿದ ಪುಸ್ತಕ 1941ರಲ್ಲಿ ಬಂತು. ಡಿಲ್ಲನ್ ರಿಪ್ಲೆ ಜೊತೆ ಬರೆದ ಹತ್ತು ಸಂಪುಟಗಳು 1968ರಿಂದ 1974ರ ತನಕ ಹೊರಟವು. ಆ ಹಳದಿ ಕೊರಳಿನ ಗುಬ್ಬಿಯ ಸರದಿ ಬರುವುದು ಕೊನೆಯ ಸಂಪುಟದಲ್ಲಿ. 1985ರಲ್ಲಿ ಬಂದ ಆತ್ಮಕಥೆಗೆ ಗುಬ್ಬಿಯ ಪತನ ಎಂಬರ್ಥದ ಹೆಸರಿಟ್ಟರು. 1987ರ ಜೂನ್ 20ರಂದು, ತೊಂಬತ್ತು ದಾಟಿದ ಮೇಲೆ, ಮುಂಬಯಿಯಲ್ಲೇ ಕಣ್ಣುಮುಚ್ಚಿದರು.