'ರೂಪದರ್ಶಿ'ಯ ಕರ್ತೃ, ವ್ಯಾಯಾಮದ ವ್ರತಸ್ಥ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ನೆಲೆಸಿರುವ ನಮ್ಮ ಕಥೋಲಿಕ ಕುಟುಂಬಗಳಲ್ಲಿ ವ್ಯಾಯಾಮದ ಮಾತೆತ್ತಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಹೊತ್ತಿಲ್ಲ. ತೋಟವುಳ್ಳವರಿಗೆ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವ ಕೆಲಸ. ಹೊಲವುಳ್ಳವರಿಗೆ ಮೆಕ್ಕೆಜೋಳ, ಶುಂಠಿ. ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುವವರಿಗೆ ಬೆಳಗಿನ ಬಸ್ಸು ಹಿಡಿಯುವುದೇ ಒಂದು ಸಾಹಸ. ಮೈಮುರಿದು ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಾವು ಒಬ್ಬ ಮಹನೀಯರ ಜೀವನವನ್ನು ನೆನೆಯಬಯಸುತ್ತೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಬಾಲಯೇಸುವಿನ ಮುಖವನ್ನೂ ಯೂದ ಇಸ್ಕರಿಯೋತನ ಮುಖವನ್ನೂ ಎದುರುಬದುರಾಗಿಟ್ಟು ಕನ್ನಡದಲ್ಲಿ ಕಾದಂಬರಿ ಬರೆದ ಅವರು ಈ ಅಂಕಣಕ್ಕೆ ಅಪರಿಚಿತರಾಗಬಾರದು. ಅವರೇ ಪ್ರೊ. ಕೆ.ವಿ. ಅಯ್ಯರ್.

ಕೋಲಾರ ವೆಂಕಟೇಶ ಅಯ್ಯರ್ ಜನಿಸಿದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಯೂರೋಪಿನ ಮಲ್ಲ ಸ್ಯಾಂಡೋ ಅವರ ಹೆಸರು ಭಾರತದ ತರುಣರನ್ನು ಮೋಡಿ ಮಾಡಿದ್ದ ಕಾಲವದು. ಪಶ್ಚಿಮದ ಭಾರ ಎತ್ತುವ ಪದ್ಧತಿಯನ್ನೂ ನಮ್ಮ ನಾಡಿನ ದಂಡ, ಬಸ್ಕಿ, ಸೂರ್ಯನಮಸ್ಕಾರ, ಯೋಗಾಸನಗಳನ್ನೂ ಬೆಸೆದು ಅಯ್ಯರ್ ತಮ್ಮದೇ ಆದ ಒಂದು ಕ್ರಮವನ್ನು ರೂಪಿಸಿದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್', 1937ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಗ್ರಂಥಗಳನ್ನು ಪ್ರಕಟಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿದ್ದ ಅವರ ವ್ಯಾಯಾಮಶಾಲೆ ನಾಡಿನಾದ್ಯಂತ ಹೆಸರಾಯಿತು. ಮೈಸೂರಿನ ಅರಮನೆಯ ಆದರವೂ ಅವರಿಗೆ ದೊರೆಯಿತು. ಸೂರ್ಯನಮಸ್ಕಾರದ ವಿಷಯದಲ್ಲಿ ನಮ್ಮವರಲ್ಲಿ ಕೆಲವರಿಗೆ ಸಂಕೋಚವಿರುವುದನ್ನು ನಾವು ಬಲ್ಲೆವು. ಆ ಚರ್ಚೆ ಇಲ್ಲಿ ಬೇಡ. ಅದನ್ನು ಬಿಟ್ಟರೂ ದಂಡ, ಬಸ್ಕಿಗಳಿಗೆ ಯಾರ ಅಡ್ಡಿಯೂ ಇಲ್ಲ.

ಅಯ್ಯರ್ ಅವರ ಕಾರ್ಯಗಳಲ್ಲಿ ನಮ್ಮಂಥ ದೂರದ ಊರಿನವರು ವಿಶೇಷವಾಗಿ ಗಮನಿಸಬೇಕಾದುದು ಅಂಚೆಯ ಮೂಲಕ ಅವರು ನೀಡುತ್ತಿದ್ದ ಶಿಕ್ಷಣ. ಬೆಂಗಳೂರಿಗೆ ಬರಲಾರದವರಿಗೆ ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು. ಅಂಚೆಯ ಲಕೋಟೆಗೆ ಕಣ್ಣಿಲ್ಲ. ಶಿಷ್ಯನು ಎದ್ದನೋ ಮಲಗಿದನೋ ಎಂದು ನೋಡುವ ಗುರು ಎದುರಿಗಿಲ್ಲ, ಜೊತೆಗೆ ಬೆವರುವ ಗೆಳೆಯರಿಲ್ಲ, ಕೋಣೆಯಲ್ಲಿ ತಾನೊಬ್ಬನೇ. ಅಂಥವನ ಅಭ್ಯಾಸ ಉಳಿಯಬೇಕಾದರೆ ಉತ್ಸಾಹ ಸಾಲದು, ಗೊತ್ತುಪಡಿಸಿದ ವೇಳೆ ಬೇಕು. ಉತ್ಸಾಹವೇನೋ ಹೊಸವರ್ಷದ ಮೊದಲ ವಾರದಲ್ಲಿ ಎಲ್ಲರಿಗೂ ಇರುತ್ತದೆ.

ಅಯ್ಯರ್ ಅವರೇ ಬಿಡುವುಳ್ಳವರಾಗಿದ್ದರೇ? ವ್ಯಾಯಾಮಶಾಲೆಯ ಹೊಣೆ, ಅಂಚೆ ಶಿಷ್ಯರ ಪಾಠಗಳು, ಗ್ರಂಥರಚನೆ. ಇವುಗಳ ಜೊತೆಗೆ 'ರವಿ ಕಲಾವಿದರು' ಎಂಬ ನಾಟಕ ತಂಡ. ಇಷ್ಟು ಸಾಲದೆಂಬಂತೆ ಟಿ.ಪಿ. ಕೈಲಾಸಂ ಅವರ ಸ್ನೇಹ! 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಪ್ರತಿಭೆಗೆ ಎಣೆಯಿರಲಿಲ್ಲ. ಅವರ ದಿನಚರಿಗೆ ಮಾತ್ರ ಹೊತ್ತುಗೊತ್ತಿರಲಿಲ್ಲ. ಬಾಯಿಯಿಂದ ಸಿಗರೇಟು ಇಳಿಯುತ್ತಿರಲಿಲ್ಲ. ಶಿಸ್ತಿನ ಮೂರ್ತಿಯಾದ ಅಯ್ಯರ್ ಈ ಅಶಿಸ್ತಿನ ಮಹಾಪ್ರತಿಭೆಯನ್ನು ವ್ಯಾಯಾಮಶಾಲೆಗೆ ಬರಮಾಡಿಕೊಂಡು ಆದರಿಸಿದರು, ಅವರನ್ನು ಕುರಿತ ಸ್ಮರಣೆಗಳನ್ನು ಪುಸ್ತಕವಾಗಿ ಬರೆದರು. ತಮ್ಮ ನಿಯಮವನ್ನು ಗೆಳೆಯನ ಮೇಲೆ ಹೇರಲಿಲ್ಲ. ಗೆಳೆಯನಿಗಾಗಿ ತಮ್ಮ ನಿಯಮವನ್ನು ಬಿಡಲೂ ಇಲ್ಲ. ಇದು ಮಲ್ಲವಿದ್ಯೆಗಿಂತ ಕಠಿಣವಾದುದೆಂದು ನಮ್ಮ ಭಾವನೆ.

ಅವರಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತು ತೆಗೆಸಿಕೊಂಡ ಅವರ ಛಾಯಾಚಿತ್ರಗಳನ್ನೂ ತಮ್ಮ ದೇಹಸೌಷ್ಠವವನ್ನು ಕುರಿತು ಅವರು ಬರೆದ ಮಾತುಗಳನ್ನೂ ನೋಡಿದವರಿಗೆ ಅಲ್ಲಿನ ಅಭಿಮಾನ ತಿಳಿಯದಿರದು. ಗರ್ವವನ್ನು ಮೂಲಪಾಪಗಳ ಪಟ್ಟಿಯಲ್ಲಿ ಮೊದಲಿಗೆ ಎಣಿಸುವುದನ್ನು ಬಾಲ್ಯದಲ್ಲೇ ಧರ್ಮೋಪದೇಶದಲ್ಲಿ ಕಲಿತ ನಮಗೆ ಇದು ಸ್ವಲ್ಪ ಇರುಸುಮುರುಸಾದರೆ ಆಶ್ಚರ್ಯವಿಲ್ಲ. ದೇಹದ ಆರೈಕೆಯೆಂದರೆ ಒಣಜಂಭವೆಂದು ನಮ್ಮ ಹಿರಿಯರು ಅನುಮಾನಿಸಿದ್ದಕ್ಕೂ ಇಂಥ ಚಿತ್ರಗಳೇ ಕಾರಣವಿರಬಹುದು.

ಆದರೆ ಅದೇ ಅಯ್ಯರ್ ಮುಂದೆ 'ರೂಪದರ್ಶಿ'ಯನ್ನು ಬರೆದರು. ಫ್ಲಾರೆನ್ಸ್ ನಗರದಲ್ಲಿ ಮೈಕೆಲೆಂಜೆಲೊ ಬಾಲಯೇಸುವನ್ನು ಚಿತ್ರಿಸಲು ಒಬ್ಬ ಮುಗ್ಧ ಸುಂದರ ಬಾಲಕನನ್ನು ಮಾದರಿಯಾಗಿ ಆರಿಸಿಕೊಳ್ಳುತ್ತಾನೆ. ವರ್ಷಗಳು ಉರುಳಿದ ಮೇಲೆ ಯೂದನ ಮುಖಕ್ಕೆ ತಕ್ಕ ಮಾದರಿಯನ್ನು ಅರಸುತ್ತ ಅಲೆಯುತ್ತಾನೆ. ಕೊನೆಗೆ ಸಿಕ್ಕ ವಿಕಾರರೂಪದ ಮನುಷ್ಯ ಬೇರಾರೂ ಅಲ್ಲ, ಅಂದಿನ ಆ ಬಾಲಕನೇ. ಇದು ಕಲ್ಪಿತ ಕಥೆ. ಆದರೆ ರೂಪವನ್ನು ಕಡೆದು ನಿಲ್ಲಿಸುವುದನ್ನೇ ಜೀವನದ ಕಾಯಕವಾಗಿಸಿಕೊಂಡವರೊಬ್ಬರು ರೂಪ ಕೆಡುವ ಬಗೆಯನ್ನು ಬರೆಯಲು ಕುಳಿತರೆಂಬುದು ನಮ್ಮನ್ನು ಬಹಳವಾಗಿ ಕಾಡುತ್ತದೆ. ಆ ಮುಖ ಕೆಟ್ಟದ್ದು ಒಂದು ದಿನದಲ್ಲಲ್ಲ. ದೇಹ ಕೆಡುವುದೂ ಹಾಗೆಯೇ. ಇಂದು ಒಂದು ದಿನ ತಪ್ಪಿತು, ನಾಳೆ ನೋಡೋಣ ಎಂಬಲ್ಲಿಂದ ಆರಂಭವಾಗಿ, ಸಕ್ಕರೆ ಕಾಯಿಲೆಯ ಚೀಟಿ ಕೈಗೆ ಬಂದಾಗ ಯಾವ ದಿನ ಜಾರಿದೆವೆಂದು ತೋರಿಸಲು ಪಂಚಾಂಗದಲ್ಲಿ ಒಂದು ದಿನವೂ ಸಿಗುವುದಿಲ್ಲ.

ಈಗ ಹೊತ್ತಿನ ಪ್ರಶ್ನೆ. ಅಡಿಕೆ ಸುಲಿತದ ಗಡಿಬಿಡಿಯಲ್ಲೂ ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ನಿಲ್ಲುವುದಿಲ್ಲ. ಬಿಡುವಿತ್ತೆಂದು ಯಾರೂ ಅದನ್ನು ಹೇಳುತ್ತಿಲ್ಲ. ಅದಕ್ಕೊಂದು ವೇಳೆಯಿದೆ, ಅಷ್ಟೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಎಂದರೆ ವಾರದಲ್ಲಿ 5 ದಿನ ಅರ್ಧ ಗಂಟೆಯ ಬಿರುಸು ನಡಿಗೆ. ಮೈಮುರಿದು ದುಡಿಯುವವರ ಪ್ರಶ್ನೆ ನ್ಯಾಯವಾದುದೇ. ಗುದ್ದಲಿ ಹಿಡಿದು ಅಗೆಯುವವರಿಗೆ ಈ ಲೆಕ್ಕ ಅನ್ವಯಿಸಲಾರದು. ಆದರೆ ಹಿಂದೆ ನಡೆದು ಹೋಗುತ್ತಿದ್ದ ತೋಟಕ್ಕೆ ಈಗ ಬೈಕಿನಲ್ಲಿ ಹೋಗುತ್ತೇವೆ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಸುಲಿತಕ್ಕೆ ಗಂಟೆಗಟ್ಟಲೆ ಕುಳಿತೇ ಇರುತ್ತೇವೆ. ಇದನ್ನೆಲ್ಲ ದುಡಿಮೆಯ ಲೆಕ್ಕಕ್ಕೆ ಸೇರಿಸಬಹುದು, ವ್ಯಾಯಾಮದ ಲೆಕ್ಕಕ್ಕೆ ಸೇರಿಸಲಾಗದು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹವನ್ನು ಪವಿತ್ರಾತ್ಮರ ಆಲಯಕ್ಕೆ ಹೋಲಿಸಿದ್ದಾರೆ. ಆಲಯದ ಕಸವನ್ನು ವಾರ್ಷಿಕ ಹಬ್ಬಕ್ಕೊಮ್ಮೆ ಗುಡಿಸಿದರೆ ಗುರುಗಳು ಸುಮ್ಮನಿರುವರೇ? ಬೆಟ್ಟ ಹತ್ತುವುದನ್ನೂ ಬಡವರ ಸೇವೆಯನ್ನೂ ಪ್ರಾರ್ಥನೆಯನ್ನೂ ಒಂದೇ ಬದುಕಿನಲ್ಲಿ ಹೊಂದಿಸಿಕೊಂಡಿದ್ದ, 24ನೆಯ ವಯಸ್ಸಿನಲ್ಲೇ ತೀರಿಹೋದ ಇಟಲಿಯ ತರುಣ ಪಿಯರ್ ಜಾರ್ಜಿಯೊ ಫ್ರಸಾತಿಯವರನ್ನು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಲಾಯಿತೆಂಬುದನ್ನು ನಮ್ಮ ಯುವಕರು ಬಲ್ಲರು.

ಅಯ್ಯರ್ 1980ರಲ್ಲಿ, ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, ನಿಧನರಾದರು. ಅವರ ಇನ್ನೊಂದು ಹೆಸರಾಂತ ಕಾದಂಬರಿ 'ಶಾಂತಲಾ'. ಆ ಹೊಯ್ಸಳ ರಾಣಿ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವಳೆಂಬ ಪ್ರತೀತಿ ಈ ಭಾಗದಲ್ಲಿ ಗಟ್ಟಿಯಾಗಿದೆ. ಆಕೆಯ ನಾಟ್ಯವಾದರೂ ನಿತ್ಯದ ಅಭ್ಯಾಸವಿಲ್ಲದೆ ಬಂದುದಲ್ಲವಷ್ಟೆ. ಶಿಕಾರಿಪುರದವರಿಗೆ ಬೆಳಗಿನ ನಡಿಗೆಗೆ ಹುಚ್ಚರಾಯನ ಕೆರೆಯ ದಂಡೆಯಿದೆ, ಸೊರಬದವರಿಗೆ ದಂಡಾವತಿಯ ತೀರವಿದೆ. ಜೂನ್ ಕಳೆದು ಮಳೆ ಕಚ್ಚಿ ಹಿಡಿದರೆ, ಮನೆಯ ಜಗಲಿಯಲ್ಲೇ ಹತ್ತು ಬಸ್ಕಿಗೆ ಜಾಗ ಸಾಕು.